ಕೌದಿಯ ಹೊಟ್ಟೆ

ಕುಪ್ಪೇಲೂರಿನ ಗದಿಗೆವ್ವನ ಕೈಯಲ್ಲಿ ಸೂಜಿ ಇದ್ದಾಗ ಅವಳೆದುರು ನಿಂತು ವಾದ ಮಾಡುವ ಗಂಡಸು ಆ ಓಣಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಸೂಜಿ ಇಲ್ಲದಾಗಲೂ ಅಂಥ ಧೈರ್ಯ ಮಾಡಿದವರು ಕಡಿಮೆಯೇ ಅನ್ನಿ. ಅರವತ್ತೈದು ದಾಟಿದ ಹೆಂಗಸು, ಮುಂದಿನ ಹಲ್ಲು ಎರಡು ಉದುರಿದ್ದವು, ಆದರೂ ಕೌದಿಗೆ ಕುಳಿತಳೆಂದರೆ ಹೊಲಿಗೆ ಕೂರಿಗೆ ಹೊಡೆದ ಸಾಲಿನಂತೆ ನೆಟ್ಟಗೆ ಹೋಗುತ್ತಿತ್ತು. ಓಣಿಯಲ್ಲಿ ಯಾರು ಹೆತ್ತರೂ, ಯಾರ ಮದುವೆಯಾದರೂ ಕೌದಿಯ ಮೊದಲ ಹೊಲಿಗೆ ಅವಳದು, ಕೊನೆಯ ಗಂಟೂ ಅವಳದು.

ಕೌದಿ ಹೊಲಿಯುವುದಕ್ಕೆ ಒಂದು ರೀತಿ ಇದೆ. ಹಳೆಯ ಸೀರೆಯನ್ನು ಎರಡು ಪದರಾಗಿ ಹಾಸಿ, ಅದರ ಮೇಲೆ ಹರಿದ ಧೋತರ, ಲುಂಗಿ, ಲಂಗಗಳ ತುಂಡುಗಳನ್ನು ಜೋಡಿಸುತ್ತ, ನಾಲ್ವರು ಹೆಂಗಸರು ನಾಲ್ಕು ಮೂಲೆಗೆ ಕುಳಿತು ಅಂಚಿನಿಂದ ನಡುವಿಗೆ ಹೊಲಿಯುತ್ತ ಬರುತ್ತಾರೆ. ಕೊನೆಗೆ ನಟ್ಟನಡುವೆ ಅಂಗೈಯಗಲ ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅಲ್ಲಿ ಒಂದು ಚೂರು ರೊಟ್ಟಿ ಇಟ್ಟು, ಮೇಲೊಂದು ತುಂಡು ಬಟ್ಟೆ ಹಾಕಿ ಮುಚ್ಚಬೇಕು. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎಂದು ಆ ಓಣಿಯ ಹೆಂಗಸರು ಮೊದಲಿನಿಂದ ನಂಬಿಕೊಂಡು ಬಂದಿದ್ದರು.

ಗದಿಗೆವ್ವನಿಗೆ ಇದು ಬರೀ ರೂಢಿಯಾಗಿರಲಿಲ್ಲ. ಅವಳಿಗೆ ಇಪ್ಪತ್ತೈದಿದ್ದಾಗ ಒಂದು ಹೆಣ್ಣು ಕೂಸು ಹುಟ್ಟಿತ್ತು. ಸುಗ್ಗಿಯ ಗಡಿಬಿಡಿಯಲ್ಲಿ ತೊಟ್ಟಿಲ ಕೌದಿಯನ್ನು ಹೇಗೋ ಹೊಲಿದು, ಹೊಟ್ಟೆ ತುಂಬಿಸದೆ ಮುಚ್ಚಿಬಿಟ್ಟಿದ್ದಳು. ಆ ಚಳಿಗಾಲ ಕೂಸಿಗೆ ಎದೆಯಲ್ಲಿ ಕಫ ಕಟ್ಟಿತು, ಎಂಟು ದಿನದಲ್ಲಿ ಹೋಯಿತು. ಡಾಕ್ಟರು ಕಾರಣ ಹೇಳಿದರು, ಗದಿಗೆವ್ವ ತಲೆಯಾಡಿಸಿದಳು. ಆದರೆ ನಿಜವಾದ ಕಾರಣ ತನಗೊಬ್ಬಳಿಗೇ ಗೊತ್ತು ಎಂದು ಅವಳು ಅಂದುಕೊಂಡಿದ್ದಳು. ಇದನ್ನು ಗಂಡ ಬದುಕಿರುವವರೆಗೂ ಅವನಿಗೆ ಹೇಳಲಿಲ್ಲ. ಆಮೇಲೆ ನಲವತ್ತು ವರ್ಷ ಅವಳ ಕೈಯಿಂದ ಒಂದು ಕೌದಿಯೂ ಹಸಿದು ಹೋಗಿರಲಿಲ್ಲ.

ತೊಂಬತ್ಮೂರರಲ್ಲಿ ಗಣಪತಿ ಕಳಿಸಿದ ಮರುದಿನವೇ ಲಾತೂರ ಕಡೆ ಭೂಮಿ ನಡುಗಿದ ಸುದ್ದಿ ಬಂತು. ಎದುರು ಮನೆಯ ರಮಜಾನಬಿ ಚಹಾದಂಗಡಿಯಿಂದ ಪೇಪರೊಂದನ್ನು ಕೇಳಿ ತಂದು ಗದಿಗೆವ್ವನ ಮುಂದೆ ಹರಡಿದಳು. ಬ್ಯಾಡಗಿಯಿಂದ ಸೊಸೆಯಾಗಿ ಬಂದ ದಿನದಿಂದ ರಮಜಾನಬಿ ಕೌದಿಗೆ ಕುಳಿತದ್ದು ಗದಿಗೆವ್ವನ ಬಗಲಿಗೇ. ಪೇಪರಿನಲ್ಲಿ ಒಬ್ಬ ಮುದುಕಿ ಕಲ್ಲಿನ ರಾಶಿಯ ಮೇಲೆ ಕುಳಿತಿದ್ದಳು.

"ಯಕ್ಕಾ, ನೋಡಿಲ್ಲೆ. ಮೈಮ್ಯಾಲೆ ಹೊದಿಯಾಕ ಏನೂ ಇಲ್ಲ ಪಾಪ."

"ತಲಿಮ್ಯಾಲೆ ಮಾಳಿಗಿನ ಇಲ್ಲ, ಹೊದಿಕಿ ಎಲ್ಲಿಂದ ಬರಬೇಕು?" ಎಂದಳು ಗದಿಗೆವ್ವ. "ದೀಪಾವಳಿ ಮುಗದು ಚಳಿ ಬಿತ್ತಂದ್ರ ಏನ ಮಾಡ್ತಾವು ಆ ಸಣ್ಣ ಕೂಸುಗೋಳು?"

"ನಮ್ಮ ಕೈಲೆ ಮನಿ ಕಟ್ಟಿಕೊಡಾಕ ಆಗೂದಿಲ್ಲ."

"ಕೌದಿ ಆಗತೈತಿ," ಎಂದಳು ಗದಿಗೆವ್ವ.

ಮಾತು ಅಷ್ಟಕ್ಕೇ ಮುಗಿಯಿತು, ಕೆಲಸ ಶುರುವಾಯಿತು. ಮೂರನೆಯ ಮೂಲೆಗೆ ಗದಿಗೆವ್ವನ ಸೊಸೆ ಪ್ರೇಮವ್ವ ಕುಳಿತಳು. ನಾಲ್ಕನೆಯದಕ್ಕೆ ಹಿತ್ತಲ ಮನೆಯ ಹೊಳಿಯವ್ವ. ಇವಳು ನಾಲ್ಕು ಹೊಲಿಗೆ ಹಾಕಿದರೆ ನಲವತ್ತು ಮಾತಾಡುವವಳು, ಆದರೂ ಅವಳಿಲ್ಲದಿದ್ದರೆ ಕೂತ ಹೊತ್ತು ಹೋಗುತ್ತಿರಲಿಲ್ಲ. ಓಣಿಯ ಮನೆಮನೆಯಿಂದ ಹಳೆಯ ಬಟ್ಟೆ ಬಂತು. ಹಾವೇರಿಗೆ ಹೋದವರು ದಾರದ ಉಂಡೆ ತಂದುಕೊಟ್ಟರು. ತುಂಬು ಸಂಸಾರದ ಮನೆಗಳಿಂದ ಬಂದ ಬಟ್ಟೆ ನೋಡಿದೊಡನೆ ಯಾವ ಮನೆಯವರು ಸೊಸೆಯನ್ನು ಎಷ್ಟು ವರ್ಷ ಒಂದೇ ಸೀರೆಯಲ್ಲಿ ತಿರುಗಿಸಿದ್ದರು ಎಂಬುದೆಲ್ಲ ಹೊಳಿಯವ್ವನ ಬಾಯಲ್ಲಿ ಹೊರಬೀಳುತ್ತಿತ್ತು.

ಕೌದಿಗಳನ್ನು ಲಾತೂರಿಗೆ ಮುಟ್ಟಿಸುವ ಹೊಣೆ ಹೊತ್ತವರು ಸೋಮಣ್ಣ ಮಾಸ್ತರು. ಕುಪ್ಪೇಲೂರಿನ ಸಾಲೆಯಲ್ಲಿ ಮೂವತ್ತು ವರ್ಷ ಕಲಿಸಿ, ರಿಟಾಯರಾಗಿ ರಾಣೆಬೆನ್ನೂರಿನಲ್ಲಿ ಮನೆ ಮಾಡಿಕೊಂಡಿದ್ದರು. ಅಲ್ಲಿ ನಾಲ್ಕು ಜನರನ್ನು ಕೂಡಿಸಿ ಬಟ್ಟೆ, ಕಾಳು ಒಟ್ಟು ಮಾಡಿ ಲಾರಿ ಕಳಿಸುವ ತಯಾರಿ ನಡೆಸಿದ್ದರು. ಮೊದಲ ಕೌದಿಯ ಅಂಚು ಹಿಡಿಯುವ ಹೊತ್ತಿಗೇ ಬಸ್ಸಿಳಿದು ಬಂದು ಕಟ್ಟೆಯ ಮೇಲೆ ಕುಳಿತು, ಸಾಲೆಯ ದನಿಯಲ್ಲಿ ಹೇಳಿದರು:

"ನೋಡ್ರಿ, ಒಂದ ಮಾತು ಖಡಾಖಂಡಿತ ಹೇಳತೇನಿ. ಈ ಸಲ ಹೊಟ್ಟಿ ತುಂಬಸೂದು ಬ್ಯಾಡ. ಕೌದಿ ಎಂಟ ದಿನ ಗೋದಾಮದಾಗ ಇರತಾವು, ಆಮ್ಯಾಲೆ ಲಾರ್‍ಯಾಗ. ಇರುವಿ ಹತ್ತತಾವು, ಇಲಿ ಬರತಾವು. ಅಲ್ಲಿಯವರು ಮೊದಲ ನೊಂದಾರ. ಅವರಿಗೆ ಹುಳಾ ಹತ್ತಿದ ಅರಿವಿ ಕೊಡೂಣೇನು?"

"ಇಲ್ಲ ಬಿಡ್ರಿ ಮಾಸ್ತರ," ಎಂದರು ನಾಲ್ವರೂ ಒಂದೇ ದನಿಯಲ್ಲಿ. ನಾಲ್ವರು ಹೆಂಗಸರು ಒಂದು ಮಾತಿಗೆ ಇಷ್ಟು ಬೇಗ ಒಪ್ಪಿದರೆ ಅನುಮಾನ ಪಡಬೇಕೆಂದು ಮೂವತ್ತು ವರ್ಷ ಮಾಸ್ತರಿಕೆ ಮಾಡಿದವರಿಗೂ ಹೊಳೆಯಲಿಲ್ಲ.

ಗದಿಗೆವ್ವ ಒಪ್ಪಿದ್ದು ಬಾಯಲ್ಲಿ ಮಾತ್ರ. ಮನೆ ಕಳೆದುಕೊಂಡವರಿಗೆ ಹಸಿದ ಕೌದಿ ಕಳಿಸುವುದೆಂದರೆ ಅವಳ ಕೈ ಏಳುವುದೇ ಸಾಧ್ಯವಿರಲಿಲ್ಲ. ಪ್ರತಿ ಕೌದಿಯ ಹೊಟ್ಟೆ ಮುಚ್ಚುವ ಹೊತ್ತಿಗೆ ಉಳಿದವರನ್ನು ನೀರು ತರಲಿಕ್ಕೋ ಚಹಾ ಕಾಸಲಿಕ್ಕೋ ಎಬ್ಬಿಸಿ, ಎಲೆಅಡಿಕೆಯ ಸಂಚಿಯಲ್ಲಿ ಅಡಗಿಸಿಟ್ಟ ರೊಟ್ಟಿಯ ಚೂರನ್ನು ತೂರಿಸಿ ಹೊಲಿದುಬಿಡುತ್ತಿದ್ದಳು. ಕೊಟ್ಟ ಮಾತು ತಪ್ಪಿದವಳು ತಾನೊಬ್ಬಳೇ ಎಂದು ಅವಳಿಗೆ ನಾಚಿಕೆಯಾಗುತ್ತಿತ್ತು. ಮಗ್ಗುಲಲ್ಲಿ ಕುಳಿತ ರಮಜಾನಬಿಯ ಮುಖ ನೋಡಲಿಕ್ಕೂ ಆಗುತ್ತಿರಲಿಲ್ಲ. ನಾಚಿಕೆಯಾದರೂ ಒಂದು ಸಲವೂ ಬಿಡಲಿಲ್ಲ.

ಆರು ವಾರದಲ್ಲಿ ಹತ್ತು ಕೌದಿ ಮುಗಿದವು. ಒಯ್ಯಲಿಕ್ಕೆ ಮಾಸ್ತರು ಟೆಂಪೋ ತಂದ ದಿನ ಬುಟ್ಟಿಯಲ್ಲಿ ಒಂದಿಷ್ಟು ಚೂರು ಬಟ್ಟೆ ಉಳಿದಿತ್ತು. "ಇದರಾಗ ಒಂದ ಕೂಸಿನ ಕೌದಿ ಆಗತೈತಲ್ರಿ," ಎಂದಳು ಪ್ರೇಮವ್ವ. "ಹೊಲೀರಿ, ನಾ ಕುಂದರತೇನಿ," ಎಂದು ಮಾಸ್ತರು ಎದುರಿಗೇ ಚಾಪೆಯ ಮೇಲೆ ಕುಳಿತುಬಿಟ್ಟರು. ಸಣ್ಣ ಕೌದಿ, ನಾಲ್ಕು ಕೈ, ಮಧ್ಯಾಹ್ನದೊಳಗೆ ನಡುವಿಗೆ ಬಂತು. ಗದಿಗೆವ್ವನ ಸಂಚಿಯಲ್ಲಿ ರೊಟ್ಟಿ ಸಿದ್ಧವಾಗಿತ್ತು. ಆದರೆ ಮಾಸ್ತರ ಕನ್ನಡಕ ಕೌದಿ ಬಿಟ್ಟು ಅತ್ತಿತ್ತ ಸರಿಯಲಿಲ್ಲ. ನೀರು ಬೇಕೇ ಎಂದು ಕೇಳಿದಳು, ಬೇಡ ಎಂದರು. ಚಹಾ ಎಂದಳು, ಆಗಲೇ ಆಗಿದೆ ಎಂದರು. ಕೊನೆಗೆ ಬರಿದಾದ ಹೊಟ್ಟೆಯ ಮೇಲೆ ಬಟ್ಟೆ ಮುಚ್ಚಿ ಗಂಟು ಹಾಕಿದಳು.

ಟೆಂಪೋ ಹೋಯಿತು. ಆವತ್ತಿನಿಂದ ಗದಿಗೆವ್ವನಿಗೆ ಊಟ ಸೇರಲಿಲ್ಲ. ಹನ್ನೊಂದರಲ್ಲಿ ಹಸಿದದ್ದು ಒಂದೇ, ಅದೂ ಕೂಸಿನದು. ನಲವತ್ತು ವರ್ಷದ ಹಿಂದಿನ ತಪ್ಪನ್ನು ಈಗ ಕಾಣದ ಊರಿನ ಕಾಣದ ತೊಟ್ಟಿಲಿಗೆ ಕಳಿಸಿದೆನಲ್ಲ ಎಂದು ಕುಂತಲ್ಲಿ ನಿಂತಲ್ಲಿ ಅದೇ ಕೊರಗು.

ಏಳನೆಯ ದಿನ ಮುಂಜಾನೆ ರಾಣೆಬೆನ್ನೂರಿನಿಂದ ಬಂದ ಮೊದಲ ಬಸ್ಸಿನ ಕಂಡಕ್ಟರು ನೇರ ಓಣಿಗೇ ಬಂದು ಕೂಗಿದ:

"ಗದಿಗೆವ್ವಾರ, ಸೋಮಣ್ಣ ಮಾಸ್ತರು ಹೇಳಿ ಕಳಸ್ಯಾರ. ನಿಮ್ಮ ಕೌದಿಗೆ ಇರುವಿ ಮುಕರ್‍ಯಾವಂತ. ಸಂಜಿ ಐದಕ್ಕ ಲಾರಿ ಹೊಂಡತೈತಿ. ಲಗೂನ ಬಂದು ಏನರ ಮಾಡ್ರಿ, ಇಲ್ಲಂದ್ರ ಅವನ್ನ ಬಿಟ್ಟ ಹೋಗ್ತಾರಂತ."

ಓಣಿಯ ಮಾನ ತನ್ನ ಸಂಚಿಯಿಂದಲೇ ಹೋಯಿತು ಎಂದುಕೊಂಡಳು ಗದಿಗೆವ್ವ. ಆದರೆ ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು: ಕೂಸಿನ ಕೌದಿ ಇನ್ನೂ ರಾಣೆಬೆನ್ನೂರಿನಲ್ಲೇ ಇದೆ. ಉಳಿದ ಮೂವರನ್ನೂ ಕರೆದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸುದ್ದಿ ಕೇಳಿ ಆ ಮೂವರೂ ಹೆಗಲು ಮುಟ್ಟಿಕೊಂಡಂತೆ ನಿಂತದ್ದನ್ನು ಗದಿಗೆವ್ವ ತನ್ನ ಗಾಬರಿಯಲ್ಲಿ ಗಮನಿಸಲಿಲ್ಲ. ಸೂಜಿ, ದಾರ, ಕತ್ತರಿ, ಬುತ್ತಿಯ ಗಂಟು ಕಟ್ಟಿಕೊಂಡು ಅದೇ ಬಸ್ಸು ಹತ್ತಿದರು. ಹೊಳಿಯವ್ವ ರಾಣೆಬೆನ್ನೂರು ಮುಟ್ಟುವವರೆಗೆ ಒಂದು ಮಾತೂ ಆಡಲಿಲ್ಲ, ಅದೊಂದು ದಾಖಲೆಯೇ.

ಗೋದಾಮು ಸ್ಟೇಷನ್ನಿನ ಹಿಂದೆ ಇತ್ತು. ಬೀಜದ ವ್ಯಾಪಾರಿಯೊಬ್ಬರು ಒಂದು ಮೂಲೆ ಬಿಟ್ಟುಕೊಟ್ಟಿದ್ದರು, ಇನ್ನೊಂದು ಮೂಲೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಚೀಲಗಳಿದ್ದವು. ಒಳಗೆ ಕಾಲಿಟ್ಟವರೆಲ್ಲ ಸೀನುತ್ತಿದ್ದರು. ಅಂಗಳದಲ್ಲಿ ಹತ್ತು ಕೌದಿ ಹರಡಿದ್ದವು, ಅವುಗಳ ಮೇಲೆ ಕೆಂಪಿರುವೆ ಸಾಲುಸಾಲಾಗಿ ಓಡಾಡುತ್ತಿದ್ದವು. ಪಕ್ಕದಲ್ಲಿ ಲಾರಿ. ಡ್ರೈವರು ಮಹಮ್ಮದಗೌಸ ಬಾನೆಟ್ಟಿಗೆ ಒರಗಿ ಬೀಡಿ ಸೇದುತ್ತಿದ್ದ. ಮಾಸ್ತರು ಕೈ ಹಿಂದೆ ಕಟ್ಟಿಕೊಂಡು, ಮನೆಪಾಠ ಬರೆಯದ ಮಕ್ಕಳನ್ನು ನೋಡುವಂತೆ ನೋಡಿದರು.

ಗದಿಗೆವ್ವ ಮುಂದೆ ಬಂದಳು.

"ಮಾಸ್ತರ, ತಪ್ಪು ನಂದು. ಇವರದೇನೂ ಇಲ್ಲ. ಹತ್ತೂ ಕೌದಿ ಹೊಟ್ಟ್ಯಾಗ ನಾನ ಕದ್ದು ರೊಟ್ಟಿ ಇಟ್ಟೇನಿ."

ಮಾಸ್ತರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ನಿಮಗ ಏನ ಹೇಳೂದು ಗದಿಗೆವ್ವಾರ. ಬಿಚ್ಚಿ ತಗೀರಿ ಮೊದಲ. ಹೊತ್ತು ಇಲ್ಲ."

ಮೊದಲ ಕೌದಿಯ ಹೊಟ್ಟೆ ಬಿಚ್ಚಿ ರೊಟ್ಟಿಯ ಚೂರು ಹೊರಗೆ ಹಾಕಿದಳು, ಕೊಡವಿದಳು. ಇರುವೆಗಳು ಚದುರಿದವು, ಮತ್ತೆ ಕೂಡಿದವು. ಆದರೆ ಈ ಸಲ ಸಾಲು ಹೊರಟದ್ದು ನಡುವಿಗಲ್ಲ, ಬಲಗಡೆಯ ಮೂಲೆಗೆ. ಅದು ರಮಜಾನಬಿಯ ಮೂಲೆ. ಗದಿಗೆವ್ವ ಅಲ್ಲಿನ ತುಂಡೊಂದನ್ನು ಕತ್ತರಿಯಿಂದ ಎಬ್ಬಿಸಿದಳು. ಒಳಗೆ ಅಂಟಂಟಾಗಿ, ಚಪ್ಪಟೆಯಾಗಿ ಏನೋ ಇತ್ತು.

"ಇದೇನ ರಮಜಾನಬಿ?"

"ಖಜೂರಿ."

"ಖಜೂರಿ ಅನ್ನೂದು ಕಾಣತೈತಿ. ಇಲ್ಲೆ ಹೆಂಗ ಬಂತು?"

ರಮಜಾನಬಿ ನೆಲ ನೋಡಿದಳು. "ನೀ ಮಾಸ್ತರಿಗೆ ಮಾತು ಕೊಟ್ಟಿ. ನಿನ್ನ ಮಾತಂದ್ರ ಮಾತು, ಈ ಸಲ ನೀ ಇಡೂದಿಲ್ಲ ಅಂತ ತಿಳಕೊಂಡೆ. ಹಸದ ಕೌದಿ ಕಳಸಾಕ ನನಗ ಮನಸ ಬರಲಿಲ್ಲ ಯಕ್ಕಾ. ರೋಜಾ ಬಿಡೂ ಮುಂದ ನಾವು ಮೊದಲ ಬಾಯಾಗ ಇಡೂದು ಅದನ್ನ. ಹಸದವ್ರಿಗೆ ಅದಕಿಂತ ಚಲೋ ಏನೈತಿ?"

ಗದಿಗೆವ್ವ ಬಾಯಿ ತೆರೆಯುವುದರೊಳಗೆ ಇರುವೆಗಳು ಇನ್ನೊಂದು ಮೂಲೆ ಹಿಡಿದಿದ್ದವು. ಪ್ರೇಮವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಅತ್ತೀ, ಅಲ್ಲೆ ಬೆಲ್ಲ, ಪುಟಾಣಿ ಐತ್ರಿ," ಎಂದಳು. ಹೊಳಿಯವ್ವ ಯಾರೂ ಕೇಳುವ ಮುಂಚೆಯೇ ತನ್ನ ಮೂಲೆಯನ್ನು ತಾನೇ ಬಿಚ್ಚಿ ಒಣಕೊಬ್ಬರಿಯ ಚೂರು ತೆಗೆದು, ಎಂಥದೂ ಆಗಿಲ್ಲವೆಂಬಂತೆ ಬಾಯಿಗೆ ಹಾಕಿಕೊಂಡಳು.

ಮಾಸ್ತರು ಬಾಗಿ ರೊಟ್ಟಿ, ಖಜೂರಿ, ಬೆಲ್ಲಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, "ನಾ ಕೌದಿ ಹೊಲೀರಿ ಅಂದ್ರ ನೀವು ಪಂಕ್ತಿ ಊಟ ಹಾಕ್ಸೀರಿ!" ಎಂದರು.

"ಇರುವಿದೇನ ತಪ್ಪೈತ್ರಿ ಮಾಸ್ತರ," ಎಂದ ಮಹಮ್ಮದಗೌಸ. "ನಾಕ್‍ನಾಕ ಪದಾರ್ಥ ಮಾಡಿ ಕರದ್ರ ಯಾರ ಬರೂದಿಲ್ಲ?"

ಮೊದಲು ನಕ್ಕವಳು ಗದಿಗೆವ್ವ. ಆರು ವಾರ ಒಬ್ಬರಿಗೊಬ್ಬರು ಮುಖ ತಪ್ಪಿಸಿಕೊಂಡು, ತಾನೊಬ್ಬಳೇ ಕಳ್ಳಿ ಎಂದು ನಾಲ್ವರೂ ಒಳಗೊಳಗೇ ಬೆಂದದ್ದು ನೆನೆದು ಅವಳಿಗೆ ನಗು ತಡೆಯಲಾಗಲಿಲ್ಲ. ಅವಳನ್ನು ನೋಡಿ ಉಳಿದವರೂ ನಕ್ಕರು, ನಕ್ಕು ನಕ್ಕು ಸೀನಿದರು. ಆಮೇಲೆ ಕತ್ತರಿ ಹಿಡಿದು ಕುಳಿತರು. ಹತ್ತು ಕೌದಿ, ಒಂದೊಂದಕ್ಕೆ ನಾಲ್ಕು ಕಡೆ. ಬಿಚ್ಚುವುದು, ತೆಗೆಯುವುದು, ಕೋಲಿನಿಂದ ಬಡಿಯುವುದು, ಬಿಸಿಲಿಗೆ ಹಾಕುವುದು, ಮೂಲೆ ಮತ್ತೆ ಹೊಲಿಯುವುದು. ಮೂರೂವರೆಯ ಹೊತ್ತಿಗೆ ಅಂಗಳದಲ್ಲಿ ಹತ್ತು ಕೌದಿ ಚೊಕ್ಕಟವಾಗಿ ಬಿದ್ದಿದ್ದವು. ಮುಚ್ಚಲು ಉಳಿದದ್ದು ನಡುವಿನ ಹೊಟ್ಟೆಯೊಂದೇ.

"ಬಾಯಿ ಮುಚ್ಚಿ ಹೊಲದಬಿಡ್ರಿ ಇನ್ನ," ಎಂದರು ಮಾಸ್ತರು. ಲಾರಿಯ ಮೇಲೆ ಆಗಲೇ ಏರಿದ್ದ ಕೂಸಿನ ಕೌದಿಯತ್ತ ಕೈ ಮಾಡಿ, "ಅದೊಂದ ನೋಡ್ರಿ, ಒಂದ ಇರುವಿನೂ ಹತ್ತಿಲ್ಲ. ನಾ ಎದುರಿಗೆ ಕುಂತಿದ್ದಕ್ಕ," ಎಂದು ಸೇರಿಸಿದರು.

ಪ್ರೇಮವ್ವ ಸೂಜಿಗೆ ದಾರ ಹುಡುಕಿದಳು. ಗದಿಗೆವ್ವ ಎದ್ದಳು. ಲಾರಿಯ ಹತ್ತಿರ ಹೋಗಿ, ಮಹಮ್ಮದಗೌಸನ ಕೈಯಿಂದ ಕೂಸಿನ ಕೌದಿ ಇಳಿಸಿಕೊಂಡು ಬಂದು ಮಡಿಲಲ್ಲಿಟ್ಟುಕೊಂಡು ಕುಳಿತಳು.

"ಇದು ಹಸದೈತಿ ಮಾಸ್ತರ. ಇದನ್ನ ನಾ ಹಿಂಗ ಕಳಸೂದಿಲ್ಲ."

"ಯವ್ವಾ, ಮತ್ತ ಅದನ್ನ ಶುರು ಮಾಡಬ್ಯಾಡ್ರಿ..."

"ನನ್ನ ಕೂಸಿಗೆ ಹೊಲದದ್ದು ಹಸದಿತ್ತರಿ," ಎಂದಳು ಗದಿಗೆವ್ವ. ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. "ಸುಗ್ಗಿ ಅಂತ ಗಡಿಬಿಡಿ ಮಾಡಿ, ಹೊಟ್ಟಿ ತುಂಬಸದ ಮುಚ್ಚಿಬಿಟ್ಟೆ. ಅದ ಚಳಿಗಾಲಕ್ಕ ಹೋತು. ಇನ್ನೊಬ್ಬಾಕಿ ಕೂಸಿನ ಮ್ಯಾಲೆ ಅಂಥಾದ್ದ ಹೊಚ್ಚಂದ್ರ ನನ್ನ ಕೈಲೆ ಆಗೂದಿಲ್ಲ. ಬೇಕಾದ್ರ ಲಾರಿ ಹೋಗ್ಲಿ."

ಮಾಸ್ತರು ಏನೋ ತಿಳಿಸಿ ಹೇಳಲು ಹೊರಟರು, ರಮಜಾನಬಿ ಕೈ ಎತ್ತಿ ಅವರನ್ನು ಸುಮ್ಮನಿರಿಸಿದಳು. ಗದಿಗೆವ್ವನ ಪಕ್ಕಕ್ಕೆ ಸರಿದು ಕುಳಿತಳು.

"ನಲ್ವತ್ತ ವರ್ಷ ಬಾಜೂಕ ಕುಂತೀನಿ. ಒಂದ ಸಲನೂ ಹೇಳಲಿಲ್ಲಲ್ಲ ಯಕ್ಕಾ."

"ಹೇಳೂ ಮಾತೇನು ಅದು?"

ಗದಿಗೆವ್ವನ ಕಣ್ಣು ತುಂಬಿದ್ದವು. ರಮಜಾನಬಿ ಅವಳ ಸೆರಗಿನ ತುದಿ ಹಿಡಿದು ಕಣ್ಣೊರೆಸಲು ಹೋದವಳು, ಅದನ್ನು ತನ್ನ ಮೂಗಿನ ಹತ್ತಿರ ತಂದು ತಡೆದಳು. ಆಮೇಲೆ ಅದನ್ನು ಗದಿಗೆವ್ವನ ಮೂಗಿಗೇ ಹಿಡಿದಳು.

"ಮೂಸಿ ನೋಡು."

ಜೋಳದ ಹಿಟ್ಟು, ಒಲೆಯ ಹೊಗೆ, ಒಗ್ಗರಣೆ.

"ದಿನಾ ರೊಟ್ಟಿ ಬಡದು ಇದಕ್ಕ ಕೈ ಒರಸ್ತಿ. ಬಿಸಿ ಗಡಿಗಿ ಇದ್ರಲೆ ಇಳಸ್ತಿ. ಮಮ್ಮಕ್ಕಳ ಬಾಯಿ ಇದ್ರಲೆ ಒರಸ್ತಿ. ಎಷ್ಟ ಊಟ ನೀಡಿದ ಸೆರಗು ಇದು! ಇರುವಿಗೆ ಇದರಾಗ ಏನೂ ಸಿಗೂದಿಲ್ಲ. ಕೌದಿಗೆ ಸಿಗತೈತಿ."

ಗದಿಗೆವ್ವ ಸೆರಗನ್ನು ನೋಡಿದಳು, ರಮಜಾನಬಿಯನ್ನು ನೋಡಿದಳು. ತುದಿಯನ್ನು ಹಲ್ಲಿಗೆ ಕೊಟ್ಟಳು. ಮುಂದಿನ ಹಲ್ಲಿಲ್ಲದ್ದರಿಂದ ಪಕ್ಕದ ಹಲ್ಲಿನಲ್ಲಿ ಕಚ್ಚಿ ಎಳೆಯಬೇಕಾಯಿತು. ಚರ್ರನೆ ಬೆರಳಗಲದ ಪಟ್ಟಿ ಬಂತು. ರಮಜಾನಬಿ ತನ್ನ ಸೆರಗನ್ನೂ ಹರಿದಳು. ಪ್ರೇಮವ್ವ, ಹೊಳಿಯವ್ವ ಕೇಳುತ್ತ ನಿಲ್ಲಲಿಲ್ಲ.

ಮೊದಲು ಕೂಸಿನ ಕೌದಿ. ತಾನೇ ಹಾಕಿದ ಗಂಟನ್ನು ಗದಿಗೆವ್ವ ತಾನೇ ಬಿಚ್ಚಿದಳು. ನಾಲ್ಕು ಸೆರಗಿನ ನಾಲ್ಕು ಚೂರನ್ನು ಒಟ್ಟಿಗೆ ಹೊಸೆದು ಒಳಗಿಟ್ಟಳು, ಮೇಲೆ ಬಟ್ಟೆ ಮುಚ್ಚಿ ಹೊಲಿದಳು. ಮುಗಿದ ಮೇಲೆ ಅದರ ಹೊಟ್ಟೆಯ ಮೇಲೆ ಕೂಸಿಗೆ ತಟ್ಟುವ ಹಾಗೆ ಎರಡು ಸಲ ತಟ್ಟಿದಳು. ಆಮೇಲೆ ಉಳಿದ ಹತ್ತರ ಹೊಟ್ಟೆಗೂ ನಾಲ್ವರೂ ಸೆರಗು ಹರಿಯುತ್ತ ಹೋದರು.

ಇದನ್ನೆಲ್ಲ ನೋಡುತ್ತ ನಿಂತ ಮಾಸ್ತರು ಹೆಗಲ ಮೇಲಿನ ಟವೆಲ್ಲು ತೆಗೆದು, ಸಂಕೋಚದಿಂದ, "ನಂದೂ ಒಂದ ಚೂರು ಹಾಕ್ರಿ," ಎಂದರು.

"ಬ್ಯಾಡ್ರಿ ಮಾಸ್ತರ," ಎಂದಳು ಹೊಳಿಯವ್ವ. ಅವಳ ಮಾತು ಮರಳಿ ಬಂದಿತ್ತು. "ನಿಮ್ಮದು ಉಂಡು ಒರಸಿದ್ದು. ಉಣಿಸಿ ಒರಸಿದ್ದಲ್ಲ."

ಮಾಸ್ತರು ಟವೆಲ್ಲನ್ನು ಮೆಲ್ಲಗೆ ಹೆಗಲಿಗೆ ಹಾಕಿಕೊಂಡರು. ಆದರೆ ಸುಮ್ಮನೆ ಕೂರಲಿಲ್ಲ. ಅಲ್ಲಿದ್ದವರಲ್ಲಿ ಕನ್ನಡಕವಿದ್ದದ್ದು ಅವರೊಬ್ಬರಿಗೇ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ನಾಲ್ವರ ಸೂಜಿಗೂ ದಾರ ಪೋಣಿಸಿಕೊಡುತ್ತ ಹೋದರು. ಐದು ಹೊಡೆಯಿತು. ಮಹಮ್ಮದಗೌಸ ಗಡಿಯಾರ ನೋಡಿದ, ತನ್ನ ಸೀಟಿನ ಮೇಲೆ ಹಾಸಿದ್ದ ಕೌದಿಯನ್ನು ಕೊಡವಿ ಮತ್ತೆ ಹಾಸಿದ. "ನಮ್ಮವ್ವ ಹೊಲದದ್ದು ಇದು," ಎಂದ. "ಆರಕ್ಕ ಹೊಂಡತೇನಿ ತಗೋರಿ. ರಸ್ತೆ ಎಲ್ಲಿಗೂ ಓಡಿ ಹೋಗೂದಿಲ್ಲ."

ಆರಕ್ಕೆ ಲಾರಿ ಹೊರಟಿತು. ಹನ್ನೊಂದು ಕೌದಿಯೂ ಅದರಲ್ಲಿದ್ದವು. ನಾಲ್ವರೂ ಮೋಟು ಸೆರಗು ಹೊದ್ದು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತಾಗಲೇ ಮುಂಜಾನೆಯಿಂದ ಯಾರೂ ಉಂಡಿಲ್ಲ ಎಂಬುದು ನೆನಪಾಯಿತು. ರಮಜಾನಬಿ ಬುತ್ತಿ ಬಿಚ್ಚಿದಳು. ಗದಿಗೆವ್ವ ಶೇಂಗಾದ ಹಿಂಡಿ ಹಚ್ಚಿಕೊಂಡು ಒಂದು ರೊಟ್ಟಿ ತಿಂದಳು, ಇನ್ನೊಂದು ತಿಂದಳು, ಅರ್ಧ ಇದ್ದರೆ ಕೊಡು ಎಂದಳು.

"ಇರುವಿ ಗತೆ ತಿನ್ನಾಕತ್ತೀಯಲ್ಲ ಯಕ್ಕಾ," ಎಂದು ರಮಜಾನಬಿ ತನ್ನ ಪಾಲಿನದನ್ನೂ ಮುರಿದು ಕೊಟ್ಟಳು.

ಮರುದಿನ ಮುಂಜಾನೆ ಗದಿಗೆವ್ವ ಎಂದಿನಂತೆ ಒಲೆಯ ಮುಂದೆ ಕುಳಿತಿದ್ದಳು. ಬೇಳೆ ಉಕ್ಕಿ ಬಂತು. ಗಡಿಗೆ ಇಳಿಸಲು ರೂಢಿಯಂತೆ ಸೆರಗಿಗೆ ಕೈ ಹಾಕಿದಳು, ಕೈಗೆ ಏನೂ ಸಿಗಲಿಲ್ಲ. ತಡಕಾಡುವುದನ್ನು ಕಂಡ ಮೊಮ್ಮಗಳು ಕೇಳಿದಳು:

"ಯಮ್ಮಾ, ನಿನ್ನ ಸೆರಗ ಎಲ್ಲಿ ಹೋತ?"

"ಕೂಸಿಗೆ ಉಣಸಾಕ ಹೋಗೇತಿ," ಎಂದಳು ಗದಿಗೆವ್ವ, ಮತ್ತು ಹಳೆಯ ಅರಿವೆಯೊಂದನ್ನು ಹಿಡಿದು ಗಡಿಗೆ ಇಳಿಸಿದಳು.